ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ

ಟೆಂಟ್ ಸಿನಿಮಾದ ಕಾಲದಲ್ಲಿ ಹಾಡಿನ ಪುಸ್ತಕ ಅಂತ ಮಾರುತ್ತಿದ್ದರು. ಮುಟ್ಟಿದರೆ ಹರಿಯುವಂಥ ತೆಳು ಕಾಗದ. ಅದರ ಮೇಲೆ ನೀಲಿಯೋ ಗುಲಾಬಿಯೋ ಗೊತ್ತಾಗದ ಶಾಯಿ. ನಾಯಕಿಯ ಮೂಗು ಅಚ್ಚಿನಲ್ಲಿ ಅರ್ಧ ಅಳಿಸಿಹೋಗಿರುತ್ತಿತ್ತು. ಮೊದಲು ತಾರಾಗಣ, ಆಮೇಲೆ ಕಥಾಸಾರಾಂಶ, ಕೊನೆಗೆ ಹಾಡುಗಳು. ಜನ ಕೊಳ್ಳುತ್ತಿದ್ದದ್ದು ಹಾಡಿಗಾಗಿ. ನನಗೆ ಮಾತ್ರ ಆ ಕಥಾಸಾರಾಂಶದ ಮೇಲೇ ಕಣ್ಣು. ಅದರ ಧಾಟಿ ಹೆಚ್ಚುಕಮ್ಮಿ ಹೀಗಿರುತ್ತಿತ್ತು: ಶ್ರೀಮಂತ ರಾಜಶೇಖರಯ್ಯನವರ ಏಕಮಾತ್ರ ಪುತ್ರಿ ಸುಮತಿ ಬಡ ಶಿಕ್ಷಕ ಮೋಹನನನ್ನು ಪ್ರೀತಿಸುತ್ತಾಳೆ. ಹಿರಿಯರು ಒಪ್ಪುತ್ತಾರೆ. ಆದರೆ ವಿಧಿಯಾಟವೇ ಬೇರೆ. ಮದುವೆಯ ಹಿಂದಿನ ರಾತ್ರಿ ರಾಜಶೇಖರಯ್ಯನವರ ಕೊಲೆಯಾಗುತ್ತದೆ. ಕೊಂದವರು ಯಾರು? ಸುಮತಿಯ ಗತಿಯೇನು? ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ!

ಒಬ್ಬರ ಕೊಲೆಯಾಗಿದೆ, ಒಬ್ಬಳ ಮದುವೆ ಮುರಿದಿದೆ, ನೀವು ಆನಂದಿಸಿ ಅನ್ನುತ್ತಿದ್ದಾನಲ್ಲ, ಅವನ ಧೈರ್ಯ ಮೆಚ್ಚಬೇಕು. ಆ ಸಾರಾಂಶ ಬರೆದವನ ಹೆಸರು ತಾರಾಗಣದಲ್ಲಿ ಇರುತ್ತಿರಲಿಲ್ಲ. ಕೇಶಾಲಂಕಾರ ಮಾಡಿದವರ ಹೆಸರಿರುತ್ತಿತ್ತು, ಇವನದಿಲ್ಲ. ಆದರೆ ಕಾದಂಬರಿಗೆ ಓದುಗರನ್ನು ಸೆಳೆಯುವ ವಿದ್ಯೆಯಲ್ಲಿ ಕನ್ನಡದ ದೊಡ್ಡ ದೊಡ್ಡ ಪಂಡಿತರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ಗೊತ್ತಿತ್ತು.

ಇವತ್ತು ಗಾಂಧಿಬಜಾರಿನ ಯಾವುದಾದರೂ ಪುಸ್ತಕದಂಗಡಿಗೆ ಹೋಗಿ ಒಂದು ಹೊಸ ಕಾದಂಬರಿ ಕೈಗೆತ್ತಿಕೊಳ್ಳಿ. ಮುಖಪುಟ ನೋಡಿದ ಮೇಲೆ ಕೈ ತಾನಾಗಿ ಪುಸ್ತಕವನ್ನು ಮಗುಚುತ್ತದೆ. ಬೆನ್ನುಡಿ ಓದುತ್ತೀರಿ. ‘ಬದುಕಿನ ವಿವಿಧ ಮಗ್ಗುಲುಗಳನ್ನು ಶೋಧಿಸುತ್ತ, ಮಾನವೀಯ ಸಂಬಂಧಗಳ ಸಂಕೀರ್ಣ ನೆಲೆಗಳನ್ನು ಅನಾವರಣಗೊಳಿಸುತ್ತ, ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುವ ಈ ಕೃತಿ ಕನ್ನಡ ಕಾದಂಬರಿ ಲೋಕಕ್ಕೆ ಒಂದು ಮಹತ್ವದ ಸೇರ್ಪಡೆ.’ ಪುಸ್ತಕವನ್ನು ಅಲ್ಲೇ ಇಟ್ಟು ಪಕ್ಕದ್ದನ್ನು ಎತ್ತಿಕೊಂಡರೆ ಅದೂ ಮಹತ್ವದ ಸೇರ್ಪಡೆಯೇ. ಅದರಲ್ಲೂ ಮಗ್ಗುಲುಗಳಿವೆ, ನೆಲೆಗಳಿವೆ. ಎರಡೂ ಪುಸ್ತಕಗಳ ಬೆನ್ನುಡಿಯನ್ನು ಅದಲುಬದಲು ಮಾಡಿದರೆ ಪ್ರಕಾಶಕರಿಗೂ ಗೊತ್ತಾಗಲಿಕ್ಕಿಲ್ಲ, ಬರೆದವರಿಗಂತೂ ಇಲ್ಲವೇ ಇಲ್ಲ. ಅಷ್ಟೂ ಸಾಲುಗಳಲ್ಲಿ ಒಬ್ಬ ಮನುಷ್ಯನ ಹೆಸರಿಲ್ಲ, ಒಂದು ಊರಿಲ್ಲ, ಯಾರಿಗೂ ಏನೂ ಆಗಿಲ್ಲ. ಹೊಗಳಿಕೆಯಿಂದ ಕುತೂಹಲ ಹುಟ್ಟುತ್ತದೆ ಎಂದು ನಮ್ಮವರಿಗೆ ಯಾರು ಹೇಳಿಕೊಟ್ಟರೋ. ನನ್ನ ಪಕ್ಕದ ಮನೆಯವರು ಬಹಳ ಒಳ್ಳೆಯವರು ಅಂದರೆ ನೀವು ತಲೆ ಆಡಿಸಿ ಮುಂದೆ ಹೋಗುತ್ತೀರಿ. ನಿನ್ನೆ ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯವರು ಹಿತ್ತಲಲ್ಲಿ ಏನನ್ನೋ ಹೂಳುತ್ತಿದ್ದರು ಅಂದರೆ ಕುರ್ಚಿ ಎಳೆದುಕೊಂಡು ಕೂರುತ್ತೀರಿ.

ಬೆನ್ನುಡಿಯಾದರೂ ವಾಸಿ, ಚಿಕ್ಕದು. ಮುನ್ನುಡಿಯ ಹಾವಳಿ ಇನ್ನೂ ದೊಡ್ಡದು. ಹಿರಿಯ ವಿಮರ್ಶಕರೊಬ್ಬರ ಹದಿನಾರು ಪುಟದ ಮುನ್ನುಡಿ. ಎರಡನೆಯ ಪುಟದಲ್ಲಿ ನಾಯಕಿ ಮನೆ ಬಿಡುತ್ತಾಳೆ, ಐದನೆಯ ಪುಟದಲ್ಲಿ ಅಣ್ಣನೇ ದ್ರೋಹ ಬಗೆದದ್ದು ಬಯಲಾಗುತ್ತದೆ, ಒಂಬತ್ತನೆಯ ಪುಟದಲ್ಲಿ ಅವಳು ಬಾವಿಗೆ ಹಾರುವುದು ಪಿತೃಪ್ರಧಾನ ವ್ಯವಸ್ಥೆಯ ವಿರುದ್ಧದ ಪ್ರತಿಭಟನೆಯ ರೂಪಕ ಎಂದು ತಿಳಿಯುತ್ತದೆ. ಕಾದಂಬರಿ ಇನ್ನೂ ಶುರುವೇ ಆಗಿಲ್ಲ! ಬಾವಿಗೆ ಹಾರಿದವಳ ಬಾಲ್ಯವನ್ನು ಓದುತ್ತ ಕೂರುವ ಗ್ರಹಚಾರ ನಮ್ಮದು. ಮುನ್ನುಡಿಯನ್ನು ಕೊನೆಯಲ್ಲಿ ಓದುವ ಜಾಣರಿದ್ದಾರೆ. ಹಾಗಾದರೆ ಅದನ್ನು ಕೊನೆಯಲ್ಲೇ ಅಚ್ಚು ಮಾಡಬಾರದೇ? ಕೇಳಿದರೆ ಮುನ್ನುಡಿ ಬರೆದವರಿಗೆ ಬೇಸರವಾಗುತ್ತದಂತೆ. ಇನ್ನು ಪುಸ್ತಕ ಬಿಡುಗಡೆ ಸಮಾರಂಭ. ಕೃತಿ ಪರಿಚಯ ಮಾಡುವವರು ಮೈಕಿನ ಮುಂದೆ ನಿಂತು ಇಡೀ ಕಥೆಯನ್ನು ಆದ್ಯಂತ ಹೇಳಿ, ಉಳಿದದ್ದನ್ನು ನೀವೇ ಕೊಂಡು ಓದಿ ಅನ್ನುತ್ತಾರೆ. ಉಳಿದದ್ದು ಏನು ಸ್ವಾಮಿ, ಬೆಲೆಯೇ?

ನಮ್ಮ ಹಳಬರು ಹೀಗಿರಲಿಲ್ಲ. ಓದುಗರನ್ನು ಹಿಡಿಯುವ ಕಸುಬು ಪಶ್ಚಿಮದಿಂದ ಬಂದದ್ದು, ಅಮೆರಿಕದ ಮಾರಾಟದವರು ಕಲಿಸಿದ್ದು ಅಂತ ಯಾರಾದರೂ ಹೇಳಿದರೆ ಅವರನ್ನು ನೇರವಾಗಿ ಗದುಗಿಗೆ ಕಳಿಸಿ. ಹದಿನೈದನೆಯ ಶತಮಾನದ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಏನೇನು ಮಾಡಿದ್ದಾನೆ ನೋಡಿ. ರಾಮಾಯಣ ಯಾಕೆ ಬರೆಯಲಿಲ್ಲ ಅನ್ನುವುದಕ್ಕೆ ಆತ ಕೊಡುವ ಕಾರಣ, ರಾಮಾಯಣ ಬರೆದ ಕವಿಗಳ ಭಾರ ತಾಳಲಾರದೆ ಆದಿಶೇಷ ತಿಣುಕಾಡುತ್ತಿದ್ದಾನೆ ಅಂತ. ಅಂದರೆ ಆ ಪೇಟೆಯಲ್ಲಿ ಸರಕು ಜಾಸ್ತಿಯಾಗಿದೆ, ನಾನು ಬೇರೆ ತಂದಿದ್ದೇನೆ. ಆಮೇಲೆ ಹಲಗೆ ಬಳಪ ಹಿಡಿಯದವನು ತಾನು, ಇಟ್ಟ ಪದವನ್ನು ಅಳಿಸದವನು ಎಂಬ ಹೆಮ್ಮೆ. ಕೃತಿಕಾರ ನಾನಲ್ಲ, ಗದುಗಿನ ವೀರನಾರಾಯಣ, ನಾನು ಬರಿಯ ಲಿಪಿಕಾರ ಎಂಬ ವಿನಯವೂ ಪಕ್ಕದಲ್ಲೇ ಇದೆ. ದೇವರೇ ಬರೆದ ಪುಸ್ತಕಕ್ಕೆ ಇನ್ನೊಬ್ಬರ ಮುನ್ನುಡಿ ಬೇಕೇ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವನು ಗಿರಾಕಿಗಳನ್ನು ವಿಂಗಡಿಸುವ ಪದ್ಯ. ಅರಸರಿಗೆ ಇದರಲ್ಲಿ ವೀರವಿದೆ, ದ್ವಿಜರಿಗೆ ವೇದದ ಸಾರವಿದೆ, ಯೋಗಿಗಳಿಗೆ ತತ್ತ್ವವಿದೆ, ಮಂತ್ರಿಗಳಿಗೆ ಬುದ್ಧಿವಂತಿಕೆಯಿದೆ, ವಿರಹಿಗಳಿಗೆ ಶೃಂಗಾರವಿದೆ, ವಿದ್ವಾಂಸರಿಗೆ ಅಲಂಕಾರವಿದೆ. ಒಬ್ಬರನ್ನೂ ಬಿಟ್ಟಿಲ್ಲ. ಯಾವ ಗಿರಾಕಿಯೂ ಬರಿಗೈಯಲ್ಲಿ ಹೋಗಬಾರದು ಅನ್ನುವ ಅಂಗಡಿಯವನ ಜಾಣ್ಮೆ ಅದು. ಆದರೆ ಹಾಗೆ ಹೇಳಿ ಮುಂದೆ ಅದನ್ನು ಅಷ್ಟಷ್ಟೂ ಕೊಟ್ಟವನು ಅವನು. ಆಮೇಲೆ ಬಂದವರು ಹೇಳುವುದನ್ನು ಮಾತ್ರ ಕಲಿತರು.

ಮುದ್ದಣನದು ಇನ್ನೂ ಸೊಗಸು. ಮುದ್ದಣನೆಂಬ ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಹೆಸರು ಮುಚ್ಚಿಟ್ಟು, ಹಳೆಯ ಕವಿಯ ಕೃತಿ ಎಂಬಂತೆ ಬರೆದದ್ದನ್ನು ಅಚ್ಚಿಗೆ ಕಳಿಸಿದ್ದೇ ಒಂದು ತಂತ್ರ. ‘ಶ್ರೀರಾಮಾಶ್ವಮೇಧ’ದ ಬಾಗಿಲಲ್ಲಿ ಅವನು ಕೂರಿಸಿದ್ದು ಮನೋರಮೆಯನ್ನು. ಮಳೆಗಾಲ, ಹೊತ್ತು ಹೋಗದ ಹೆಂಡತಿ, ಕಥೆ ಹೇಳು ಎಂದು ಹಟ. ಯಾವ ಕಥೆ ಅನ್ನುವಲ್ಲಿಂದಲೇ ತಕರಾರು. ಪದ್ಯ ಬೇಡ, ಗದ್ಯವೇ ಆಗಲಿ ಅನ್ನುತ್ತಾಳೆ. ಸಂಸ್ಕೃತದ ಭಾರದ ಸಮಾಸ ಹೂಡಿದರೆ ಅಲ್ಲೇ ತಡೆಯುತ್ತಾಳೆ. ರಾಮನ ಕುದುರೆ ಎತ್ತ ಹೋಯಿತು ಅನ್ನುವುದಕ್ಕಿಂತ ಈ ಗಂಡಹೆಂಡಿರ ಜಗಳ ಮುಂದೆ ಎತ್ತ ಹೋಯಿತು ಅನ್ನುವುದಕ್ಕೇ ಪುಟ ತಿರುವಿದವರು ಎಷ್ಟು ಮಂದಿಯೋ. ನಾನಂತೂ ಅವರಲ್ಲೊಬ್ಬ. ಕೇಳುವವಳನ್ನೇ ಪಾತ್ರ ಮಾಡಿ, ಅವಳ ಆಕಳಿಕೆಯನ್ನೂ ಕಥೆಯೊಳಗೆ ಸೇರಿಸಿಕೊಂಡ ಮೇಲೆ ಅವಳು ಎದ್ದು ಹೋಗುವುದೆಲ್ಲಿಗೆ?

ಗಳಗನಾಥರ ಕಾಲಕ್ಕೆ ಬಂದರೆ ಕಾದಂಬರಿ ಅಚ್ಚಾಗಿ ಕೈಯಲ್ಲಿದೆ, ಓದುವವರೇ ಇಲ್ಲ. ಹಾವೇರಿಯ ಕಡೆಯ ಆ ಮನುಷ್ಯ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಸುತ್ತಿ, ಮನೆಮನೆಗೆ ಹೋಗಿ ಮಾರಿದವರು. ಅವರೇ ನಡೆದಾಡುವ ಬೆನ್ನುಡಿ. ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದು, ಎದುರಿಗಿರುವವರ ಮುಖ ನೋಡಿಕೊಂಡು ಕಥೆಯ ಎಷ್ಟು ಬಿಚ್ಚಬೇಕು, ಎಷ್ಟು ಮಡಚಿಡಬೇಕು ಎಂದು ತೂಗಬೇಕಾದವರು. ಇವತ್ತಿನ ಲೇಖಕರನ್ನು ಒಂದು ವಾರ ಹಾಗೆ ತಿರುಗಿಸಿದರೆ ‘ಸಂಕೀರ್ಣ ನೆಲೆಗಳು’ ಮೂರನೆಯ ಮನೆಯ ಹೊತ್ತಿಗೆ ಬಾಯಿಂದ ಬಿದ್ದುಹೋಗುತ್ತವೆ.

ಇಲ್ಲಿ ನನ್ನ ಚಿಕ್ಕಮ್ಮನ ವಿಷಯ ಹೇಳಲೇಬೇಕು. ಅವರ ಓದೆಲ್ಲ ಆಗಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಈಗಿನವರಿಗೆ ಆ ಅಂಗಡಿಗಳ ನೆನಪಿರಲಾರದು. ಒಂದು ಗ್ಯಾರೇಜಿನಷ್ಟು ಜಾಗ, ಸೂರಿನವರೆಗೂ ಕಾದಂಬರಿ, ದಿನಕ್ಕಿಷ್ಟು ಅಂತ ಬಾಡಿಗೆ, ತಡವಾದರೆ ದಂಡ. ಹೊಸ ಪುಸ್ತಕ ಬಂದ ಕೂಡಲೇ ಅದರ ಬಣ್ಣದ ಹೊದಿಕೆ ಕಿತ್ತು, ದಪ್ಪ ರಟ್ಟು ಹಾಕಿ ಬೈಂಡ್ ಮಾಡಿಸಿಬಿಡುತ್ತಿದ್ದರು. ನೂರು ಕೈ ಬದಲಾಗಬೇಕಲ್ಲ! ಕಲಾವಿದ ಬರೆದ ಮುಖಪುಟವೂ ಹೋಯಿತು, ಬೆನ್ನುಡಿಯೂ ಹೋಯಿತು, ಲೇಖಕರು ಗಲ್ಲಕ್ಕೆ ಕೈ ಹಚ್ಚಿ ಕೂತ ಫೋಟೋವೂ ಹೋಯಿತು. ಉಳಿಯುತ್ತಿದ್ದದ್ದು ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ಹೆಸರು, ಒಂದು ನಂಬರು, ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ. ತ್ರಿವೇಣಿಯೂ ಅದೇ ಕಂದು ರಟ್ಟು, ಎಂ.ಕೆ. ಇಂದಿರಾ ಕೂಡ ಅದೇ ಕಂದು ರಟ್ಟು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೂ ಅದೇ.

ಆದರೂ ಜನ ಆರಿಸುತ್ತಿದ್ದರು, ಸರಿಯಾಗಿಯೇ ಆರಿಸುತ್ತಿದ್ದರು. ಒಂದು ದಾರಿ ಆ ತಾರೀಖಿನ ಚೀಟಿ. ಅದರ ತುಂಬ ಮೊಹರು ಬಿದ್ದಿದ್ದರೆ ಪುಸ್ತಕ ಓಡುತ್ತಿದೆ ಎಂದು ಲೆಕ್ಕ. ಇನ್ನೊಂದು, ಹಿಂದೆ ಓದಿದವರು ಪೆನ್ಸಿಲಿನಲ್ಲಿ ಬರೆದ ಷರಾ. ‘ಬಹಳ ಚೆನ್ನಾಗಿದೆ. ಕೊನೆಯಲ್ಲಿ ಅಳು ಬಂತು’ ಎಂದು ಒಂದು ಕೈ, ಅದರ ಕೆಳಗೆ ‘ನನಗೂ’ ಎಂದು ಇನ್ನೊಂದು ಕೈ, ಅದರ ಕೆಳಗೆ ‘ನನಗೆ ಬರಲಿಲ್ಲ’ ಎಂದು ಮೂರನೆಯದು. ಈ ಮೂರು ಸಾಲು ಓದಿದ ಮೇಲೆ ಯಾವ ವಿಮರ್ಶಕನ ಮಾತು ಬೇಕು? ತನಗೆ ಬರುತ್ತದೋ ಇಲ್ಲವೋ ನೋಡಿಯೇಬಿಡೋಣ ಅಂತ ನಾಲ್ಕನೆಯವರು ಮನೆಗೆ ಒಯ್ಯುತ್ತಿದ್ದರು. ಪತ್ತೇದಾರಿ ಕಾದಂಬರಿಗಳಲ್ಲಿ ಮಾತ್ರ ಪೆನ್ಸಿಲ್ ಹಿಡಿದವರು ಪರಮ ಪಾಪಿಗಳು. ಇಪ್ಪತ್ತನೆಯ ಪುಟದಲ್ಲಿ ಒಂದು ಹೆಸರಿಗೆ ಗೆರೆ ಎಳೆದು ‘ಇವನೇ’ ಎಂದು ಬರೆದಿಡುತ್ತಿದ್ದರು.

ಚಿಕ್ಕಮ್ಮನ ದಾರಿ ಬೇರೆ. ಪುಸ್ತಕವನ್ನು ನಡುವೆ ಎಲ್ಲೋ ಬಿಚ್ಚಿ, ನಿಂತಲ್ಲೇ ಅರ್ಧ ಪುಟ ಓದಿ, ಮುಚ್ಚಿ, ಒಂದೋ ಚೀಲಕ್ಕೆ ಇಲ್ಲವೇ ಕಪಾಟಿಗೆ. ಮೊದಲ ಪುಟ ಯಾಕೆ ನೋಡಲ್ಲ ಚಿಕ್ಕಮ್ಮ ಅಂತ ಒಮ್ಮೆ ಕೇಳಿದೆ. “ಮೊದಲ ಪುಟದಲ್ಲಿ ಎಲ್ಲರೂ ಹೆಣ್ಣು ನೋಡೋಕೆ ಬಂದ ದಿನದ ಗಂಡಿನ ಹಾಗೆ ಇರ್ತಾರೆ ಕಣೋ. ಇಸ್ತ್ರಿ ಶರ್ಟು, ಎಣ್ಣೆ ಹಾಕಿದ ತಲೆ, ಎಷ್ಟು ಬೇಕೋ ಅಷ್ಟೇ ಮಾತು. ನೂರಾ ಹತ್ತನೇ ಪುಟದಲ್ಲಿ ಬನಿಯನ್ ಹಾಕ್ಕೊಂಡು ಕೂತಾಗ ಹೆಂಗಿರ್ತಾನೆ ಅಂತ ನೋಡ್ಬೇಕು” ಅಂದರು. ಕಾದಂಬರಿ ಬರೆಯುವವರಿಗೆ ಮೊದಲ ವಾಕ್ಯದ ಮೇಲೆ ಪಾಠ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನೂರಾ ಹತ್ತನೆಯ ಪುಟದ ಮೇಲೆ ಪಾಠ ಮಾಡಿದವರು ಚಿಕ್ಕಮ್ಮ ಒಬ್ಬರೇ.

ವಾರಪತ್ರಿಕೆಗಳ ಧಾರಾವಾಹಿಗೆ ಈ ನೂರಾ ಹತ್ತನೆಯ ಪುಟದ ಕಷ್ಟ ವಾರವಾರವೂ ಬರುತ್ತಿತ್ತು. ‘ಸುಧಾ’ 1965ರಲ್ಲಿ ಬಂತು, ‘ತರಂಗ’ 1983ರಲ್ಲಿ. ಅದಕ್ಕೂ ಮೊದಲು ‘ಪ್ರಜಾಮತ’ದಂಥವು ಇದ್ದವು. ಹೊಸ ಧಾರಾವಾಹಿ ಶುರುವಾಗುವ ಹಿಂದಿನ ವಾರ ಅರ್ಧ ಪುಟದ ಪ್ರಕಟಣೆ: ಒಂದು ಹೆಣ್ಣುಮುಖದ ರೇಖಾಚಿತ್ರ, ಹಿಂದೆ ಒಂದು ಬಂಗಲೆಯ ನೆರಳು, ಎರಡು ವಾಕ್ಯ, ನಿಮ್ಮ ಪ್ರತಿಯನ್ನು ಇಂದೇ ಕಾದಿರಿಸಿ ಎಂಬ ಸೂಚನೆ. ಶುರುವಾದ ಮೇಲೆ ಪ್ರತಿ ಕಂತಿನ ಕೊನೆಯೂ ಒಂದು ಗಾಳವೇ. ಲೇಖಕರಿಗೆ ಅಲ್ಲಿ ಸಿಗುತ್ತಿದ್ದ ಜಾಗ ಇಷ್ಟೇ ಇಷ್ಟು. ಅಷ್ಟರಲ್ಲಿ ಏಳು ದಿನ ತಡೆಯುವಂಥದ್ದನ್ನು ಇಡಬೇಕು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಕನ್ನಡಕ್ಕೆ ಬಂದು 80ರ ದಶಕದಲ್ಲಿ ಮನೆಮನೆಯಲ್ಲಿ ಓಡಾಡಿದ್ದು ಈ ವಿದ್ಯೆಯ ಬಲದಿಂದಲೇ. ನಮ್ಮ ಮನೆಯಲ್ಲಿ ಪತ್ರಿಕೆ ಬಂದ ದಿನ ಯಾರು ಮೊದಲು ಓದಬೇಕು ಅನ್ನುವುದಕ್ಕೆ ಜಗಳವಾಗಿ, ಕೊನೆಗೆ ಅಕ್ಕ ಜೋರಾಗಿ ಓದುವುದು, ಉಳಿದವರು ಕೇಳುವುದು ಎಂದು ರಾಜಿಯಾಯಿತು. ಅಕ್ಕ ಅದರಲ್ಲೂ ರಾಜಕೀಯ ಮಾಡುತ್ತಿದ್ದಳು. ತನಗೆ ಕಾಫಿ ಬರುವವರೆಗೂ ಕೊನೆಯ ಪ್ಯಾರಾ ಓದುತ್ತಿರಲಿಲ್ಲ.

ಆದರೆ ಈ ಕಂತಿನ ಕೊನೆಗಳಲ್ಲಿ ಮೋಸವೂ ಧಾರಾಳವಾಗಿ ನಡೆಯಿತು. ‘ಬಾಗಿಲು ಬಡಿದ ಸದ್ದು. ನಡುಗುವ ಕೈಯಲ್ಲಿ ಚಿಲಕ ಸರಿಸಿದ ಶಾಲಿನಿ ಎದುರಿಗಿದ್ದವರನ್ನು ಕಂಡು ದಂಗಾಗಿ ನಿಂತಳು’, ಅದರ ಕೆಳಗೆ ‘ಸಶೇಷ’. ವಾರವೆಲ್ಲ ನಾವು ಯಾರಿರಬಹುದು ಎಂದು ಬಾಜಿ ಕಟ್ಟಿದ್ದೇ ಕಟ್ಟಿದ್ದು. ಸತ್ತನೆಂದುಕೊಂಡ ಗಂಡನೇ? ಪೊಲೀಸರೇ? ಮುಂದಿನ ವಾರ ನೋಡಿದರೆ ಹಾಲಿನವನು! ದಂಗಾದದ್ದೇಕೆಂದರೆ ಅವನು ಅವತ್ತು ಬೇಗ ಬಂದಿದ್ದ. ಓದುಗರ ಮನಸ್ಸಿನಲ್ಲಿ ಎಬ್ಬಿಸಿದ ಪ್ರಶ್ನೆಗೆ ಅದರ ತೂಕದ ಉತ್ತರವನ್ನು ಕೊಡದಿದ್ದರೆ ಅದು ಸಾಲ ಮಾಡಿ ಮುಖ ಮರೆಸಿಕೊಂಡ ಕೆಲಸ. ಇಂಥ ಹಾಲಿನವರು ಎರಡು ಮೂರು ಸಲ ಬಂದ ಮೇಲೆ ನಿಜವಾಗಿ ಗಂಡ ಬಂದು ನಿಂತರೂ ನಮ್ಮಕ್ಕ ಕಾಫಿ ಕೇಳುವುದನ್ನೇ ಬಿಟ್ಟಿದ್ದಳು.

ಕಂತಿನ ಕೊನೆ ಹಾಗಿರಲಿ, ಆರಂಭ ಹೊಸದಾಗಿರಬೇಕು, ಯಾರೂ ಕೇಳದಂತಿರಬೇಕು ಎಂಬ ನಿಯಮ ಸರಿಯೇ ಅಂದರೆ, ಅದೂ ಪೂರ್ತಿ ಸರಿಯಲ್ಲ. ‘ಚಂದಮಾಮ’ದ ಬೇತಾಳನ ಕಥೆಗಳನ್ನು ನೆನಪಿಸಿಕೊಳ್ಳಿ. ಕನ್ನಡದಲ್ಲಿ ಆ ಪತ್ರಿಕೆ ಶುರುವಾದದ್ದು 1949ರಲ್ಲಿ. ತಿಂಗಳು ತಿಂಗಳೂ ಬೇತಾಳನ ಕಥೆ ಶುರುವಾಗುತ್ತಿದ್ದದ್ದು ಒಂದೇ ರೀತಿ. ಅದೇ ರಾಜ, ಅದೇ ಮರ, ಅದೇ ಹೆಣ, ಅದೇ ಮೌನ, ಅದೇ ಸ್ಮಶಾನದ ದಾರಿ. ಅಕ್ಷರ ಬದಲಾಗುತ್ತಿರಲಿಲ್ಲ. ಕಥೆ ಮುಗಿಯುವುದೂ ಒಂದೇ ಬಗೆ. ಆದರೂ ಹುಡುಗರು ಬಿದ್ದು ಓದುತ್ತಿದ್ದರು, ಮೊದಲ ಪ್ಯಾರಾ ಬಾಯಿಗೆ ಬರುತ್ತಿದ್ದರೂ ಬಿಡದೆ ಓದುತ್ತಿದ್ದರು. ಯಾಕೆ? ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ವಾಪಸು. ಹೇಗೆ ಮಾಡಿದರೂ ಕೆಟ್ಟ. ರಾಜನನ್ನು ಹಾಗೊಂದು ಇಕ್ಕಟ್ಟಿನಲ್ಲಿ ನಿಲ್ಲಿಸಿದ ಮೇಲೆ ವಾಕ್ಯ ಹಳತಾದರೇನು, ಹೊಸತಾದರೇನು?

ನನ್ನ ಮಟ್ಟಿಗೆ ಇಡೀ ಗುಟ್ಟು ಇರುವುದು ಈ ಇಕ್ಕಟ್ಟಿನಲ್ಲೇ. ಚಮತ್ಕಾರದ ಮೊದಲ ಸಾಲು, ಗುಂಡಿನ ಸದ್ದು, ಮಧ್ಯರಾತ್ರಿಯ ಫೋನು, ಇವೆಲ್ಲ ಬರಿಯ ತಟ್ಟೆ ಬಡಿಯುವ ಸದ್ದು. ಒಬ್ಬ ಮನುಷ್ಯ, ಮಾಡಲೇಬೇಕಾದ ಒಂದು ಕೆಲಸ, ಅದನ್ನು ಮಾಡಲಾಗದ ಒಂದು ಕಾರಣ. ಇಷ್ಟು ಸಿಕ್ಕಿದರೆ ಕುರ್ಚಿ ಬಿಟ್ಟು ಏಳಲಾಗುವುದಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. 1965ರ ಪುಸ್ತಕ. ಅಂದಿನಿಂದ ಇಂದಿನವರೆಗೆ ಅದರ ಮೇಲೆ ಬಂದ ವಿಮರ್ಶೆಯನ್ನು ಒಟ್ಟುಮಾಡಿದರೆ ಒಂದು ಎತ್ತಿನ ಗಾಡಿ ಸಾಲದು. ಅಸ್ಮಿತೆ, ಅಸ್ತಿತ್ವವಾದ, ಆಧುನಿಕತೆ, ಒಂದಕ್ಷರಕ್ಕೂ ಕೊರತೆಯಿಲ್ಲ. ಆದರೆ ಅಗ್ರಹಾರದ ಆ ಬೆಳಗ್ಗೆ ನಡೆದದ್ದೇನು? ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿಗೆ ಸ್ನಾನ ಮಾಡಿಸಿ ದಿನದ ಕೆಲಸಕ್ಕೆ ತೊಡಗಿದ್ದಾರೆ. ಚಂದ್ರಿ ಬಂದು ನಾರಣಪ್ಪ ಸತ್ತ ಸುದ್ದಿ ಹೇಳುತ್ತಾಳೆ. ಅಷ್ಟೇ! ಹೆಣ ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಸತ್ತವನೋ ಮಡಿ ಮೈಲಿಗೆ ಎಲ್ಲ ಬಿಟ್ಟು ಕುಡಿದು ತಿಂದು ಮೆರೆದವನು, ಅವನ ಸಂಸ್ಕಾರ ಮಾಡಿದವರ ಬ್ರಾಹ್ಮಣ್ಯಕ್ಕೇ ಕುತ್ತು. ಸುಡದೆ ಬಿಟ್ಟರೆ ಹೊಟ್ಟೆಗಿಲ್ಲ, ಸುಟ್ಟರೆ ಜಾತಿಗಿಲ್ಲ. ಶಾಸ್ತ್ರ ಬಲ್ಲ ಆಚಾರ್ಯರನ್ನು ಕೇಳಿದರೆ ಅವರಿಗೂ ಗ್ರಂಥದಲ್ಲಿ ಉತ್ತರ ಸಿಗುತ್ತಿಲ್ಲ.

ಹಸಿವೆ ನೋಡಿ, ಹಸಿವೆ! ಆ ಕಾದಂಬರಿಯ ತತ್ತ್ವವೆಲ್ಲ ಆ ಹಸಿದ ಹೊಟ್ಟೆಗಳ ಮೇಲೆ ನಿಂತಿದೆ. ಅಗ್ರಹಾರದ ದಾಸಾಚಾರ್ಯನಂಥ ಹಸಿದವರ ಸಂಕಟ ಗೊತ್ತಿರುವವರಿಗೆ ನಾನು ಹೇಳುವುದು ಅರ್ಥವಾದೀತು. ಸೆಕೆಗೆ ಹೆಣ ಕೆಡುತ್ತಿದೆ, ಹೊತ್ತು ಏರುತ್ತಿದೆ, ಒಲೆ ಹೊತ್ತಿಲ್ಲ. ಗಡಿಯಾರ ಒಂದನ್ನು ಕಥೆಯ ಗೋಡೆಗೆ ನೇತು ಹಾಕಿದ ಮೇಲೆ ಓದುಗರು ತಾವಾಗಿ ಓಡುತ್ತಾರೆ. ಇದರ ಬೆನ್ನುಡಿ ಬರೆಯಲು ನನ್ನನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಆದರೂ ಬರೆದಿಟ್ಟಿದ್ದೇನೆ: ‘ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಯಾರಿಗೂ ಊಟವಿಲ್ಲ. ಎತ್ತುವವರು ಯಾರೂ ಇಲ್ಲ.’ ಇದರ ಮೇಲೆ ನಾಲ್ಕನೆಯ ವಾಕ್ಯ ಬರೆದರೆ ಕೆಡುತ್ತದೆ. ಬರೆಯಬೇಕೆಂದು ಕೈ ತುರಿಸುತ್ತದೆ ಅನ್ನುವುದೂ ನಿಜ.

ಕಾರಂತರ ‘ಬೆಟ್ಟದ ಜೀವ’ದಲ್ಲಿ ಹೆಣವಿಲ್ಲ, ಹಸಿವಿಲ್ಲ. ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ಒಬ್ಬ ದಾರಿ ತಪ್ಪಿದ್ದಾನೆ. ಸಿಕ್ಕವರು ಅವನನ್ನು ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ರಾತ್ರಿ ಗುರುತಿಲ್ಲದ ಮನೆಗೆ ಹೋಗಿ ಬಿಸಿನೀರು, ಊಟ, ಹಾಸಿಗೆ ಪಡೆದವನಿಗೆ ಆ ಮುದಿ ದಂಪತಿಯ ಮನೆಯಲ್ಲಿ ಏನೋ ಒಂದು ಕೊರತೆ ಮೆಲ್ಲಗೆ ಗೊತ್ತಾಗುತ್ತ ಹೋಗುತ್ತದೆ. ಅತಿಥಿಯ ಜೊತೆಗೆ ನಾವೂ ಜಗಲಿ ಹತ್ತಿರುತ್ತೇವೆ. ಇನ್ನು ಚಿತ್ತಾಲರ ‘ಶಿಕಾರಿ’ಯ ನಾಗಪ್ಪನಿಗೆ ಮುಂಬಯಿಯ ಕಂಪನಿಯಲ್ಲಿ ಕೆಲಸದಿಂದ ಅಮಾನತು, ಕಾರಣ ಮಾತ್ರ ತಿಳಿಸಿಲ್ಲ. ನೌಕರಿ ಮಾಡಿದವರು ಯಾರೇ ಆಗಲಿ ಆ ಪುಸ್ತಕವನ್ನು ಕೆಳಗಿಡಲಾರರು. ಮೇಲಧಿಕಾರಿಯಿಂದ ಬಂದ ಲಕೋಟೆಯನ್ನು ಒಡೆಯುವಾಗ ನಮ್ಮೆಲ್ಲರ ಕೈಯೂ ಒಂದಲ್ಲ ಒಂದು ದಿನ ಒದ್ದೆಯಾಗಿದೆ. ತೇಜಸ್ವಿ ‘ಕರ್ವಾಲೊ’ದಲ್ಲಿ ಜೇನಿನ ವ್ಯವಹಾರ ಮಾತಾಡುತ್ತ ಮಾತಾಡುತ್ತ ನಮ್ಮನ್ನು ಹಾರುವ ಓತಿಯ ಹಿಂದೆ ಕಾಡಿಗೆ ಹತ್ತಿಸಿಬಿಡುತ್ತಾರೆ. ಎಲ್ಲಿ ಕೊಕ್ಕೆ ಹಾಕಿದರು ಎಂದು ಹಿಂದಿರುಗಿ ಹುಡುಕಿದರೆ ಸಿಗುವುದಿಲ್ಲ.

ಈ ಎಲ್ಲ ಮಾತಿಗೂ ಅಡ್ಡ ನಿಂತಿರುವವರು ಕುವೆಂಪು. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು, ಏಳು ನೂರು ಪುಟ ಮೀರಿದ ಪುಸ್ತಕ. ಅಂಥ ದಪ್ಪ ಪುಸ್ತಕ ಬರೆದವರು ಬೇರೆ ಯಾರೇ ಆಗಿದ್ದರೂ ಬಾಗಿಲಲ್ಲೇ ಓದುಗರ ಕೈಕಾಲು ಹಿಡಿಯುತ್ತಿದ್ದರು. ಇವರು ಬಾಗಿಲಿಗೆ ಹಾಕಿದ ಫಲಕದ ತಾತ್ಪರ್ಯವೇ ಬೇರೆ. ಇಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಯಾವುದಕ್ಕೂ ಧಾವಂತವಿಲ್ಲ, ಬರುವವರು ನಿಧಾನವಾಗಿ ಬನ್ನಿ. ಬಾಗಿಲು ದಾಟಿದರೆ ದಾರಿ ಹಿಡಿದು ಹೊರಟಿರುವುದು ಗುತ್ತಿ ಮತ್ತು ಅವನ ನಾಯಿ ಹುಲಿಯ. ಮಾರಾಟದ ಪಾಠ ಹೇಳುವವರು ಇದನ್ನು ಕಂಡರೆ ಎದೆ ಬಡಿದುಕೊಂಡಾರು. ಆದರೆ ಆ ಫಲಕ ಓದಿದವರಲ್ಲಿ ಒಳಕ್ಕೆ ಹೋಗದೆ ಹಿಂದಿರುಗಿದವರು ಕಡಿಮೆ. ಹೆದರಿಸದೆ, ಹೊಗಳಿಕೊಳ್ಳದೆ, ಇಷ್ಟು ನಿಶ್ಚಿಂತೆಯಿಂದ ಮಾತಾಡುವ ಮನುಷ್ಯನ ಮನೆಯೊಳಗೆ ಏನಿದೆ ನೋಡೋಣ ಅನ್ನಿಸುತ್ತದೆ. ಇದನ್ನು ಅನುಕರಿಸಲು ಹೋಗಬೇಡಿ ಎಂದು ಹೊಸಬರಿಗೆ ನಾನು ಕೈಮುಗಿದು ಹೇಳುತ್ತೇನೆ. ಆ ಮಾತಿನ ಹಿಂದೆ ಏಳು ನೂರು ಪುಟಗಳ ಮಲೆನಾಡು ಇತ್ತು. ನಮ್ಮ ಹಿಂದೆ ಇರುವುದು ನೂರಾ ನಲವತ್ತು ಪುಟ, ಅದರಲ್ಲಿ ಹದಿನಾರು ಮುನ್ನುಡಿಗೆ.

ಕೆಲವು ತಿಂಗಳ ಹಿಂದೆ ಸಾಗರದ ಕಡೆಯ ಹುಡುಗನೊಬ್ಬ ಫೋನು ಮಾಡಿದ. ಮೊದಲ ಕಾದಂಬರಿ ಅಚ್ಚಿಗೆ ಹೋಗುತ್ತಿದೆ, ಬೆನ್ನುಡಿ ನೀವೇ ಬರೆಯಬೇಕು ಸಾರ್, ನೂರು ಪದ ಸಾಕು. ತಾನೇ ಒಂದು ಕರಡನ್ನೂ ಕಳಿಸಿದ್ದ. ‘ಅಭಿವೃದ್ಧಿ ಮತ್ತು ವಿಸ್ಥಾಪನೆಯ ನಡುವಿನ ತಾಕಲಾಟದಲ್ಲಿ ಕಳೆದುಹೋಗುವ ನೆಲಮೂಲ ಸ್ಮೃತಿಗಳ ಶೋಧ’ ಎಂದಿತ್ತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದು, 1964ರಲ್ಲಿ ಅದು ಮುಗಿಯುವ ಹೊತ್ತಿಗೆ ಊರೂರೇ ನೀರಿನಡಿ ಹೋದ ಸೀಮೆಯವನು ಅವನು. ಮುಳುಗಡೆ ಎಂದರೆ ನಾ. ಡಿಸೋಜರ ‘ದ್ವೀಪ’ ಎದುರಿಗೆ ಬಂದು ನಿಲ್ಲುವ ನಾಡಿನಲ್ಲಿ ಮತ್ತೆ ಅದೇ ವಸ್ತು ಮುಟ್ಟಲು ಎದೆಗಾರಿಕೆ ಬೇಕು. ಆ ಎದೆಗಾರಿಕೆ ಕರಡಿನಲ್ಲಿ ಕಾಣಲಿಲ್ಲ.

“ಇದಿರಲಿ ಮಾರಾಯ, ಕಥೆ ಏನು ಹೇಳು” ಅಂದೆ.

“ಕಥೆ ಅಂದ್ರೆ, ಅದು ಹಂಗೆ ಹೇಳೋಕಾಗಲ್ಲ ಸಾರ್. ಬಹಳ ಪದರಗಳಿದಾವೆ.”

“ಪದರ ಆಮೇಲೆ ಬಿಚ್ಚುವಿಯಂತೆ. ನಿಮ್ಮಜ್ಜಿಗೆ ಹೆಂಗೆ ಹೇಳಿದೆ, ಹಂಗೆ ಹೇಳು.”

“ಅಜ್ಜಿಗಾ? ಒಬ್ಬ ಪೋಸ್ಟ್‌ಮ್ಯಾನ್ ಇರ್ತಾನೆ ಸಾರ್. ಒಂದಿನ ಅವನ ಚೀಲಕ್ಕೆ ಒಂದು ಕಾಗದ ಬರುತ್ತೆ. ವಿಳಾಸದಲ್ಲಿರೋ ಊರು ಮುಳುಗಿ ಹತ್ತು ವರ್ಷ ಆಗಿರುತ್ತೆ. ಹಿಂದೆ ಕಳಿಸೋಣ ಅಂದ್ರೆ ಕಳಿಸಿದೋರ ಹೆಸರಿನ ಕೆಳಗೂ ಅದೇ ಊರೇ ಇರುತ್ತೆ.”

ನಾನು ಎದ್ದು ಕೂತೆ. “ನಿಲ್ಲಿಸು.”

“ಇಲ್ಲ ಸಾರ್, ಆಮೇಲೆ ಆ ಕಾಗದ ಬರೆದೋರು ಯಾರು ಅಂದ್ರೆ...”

“ಹೇಳಿದ್ರೆ ನೋಡು! ಪುಸ್ತಕ ದುಡ್ಡು ಕೊಟ್ಟೇ ಕೊಳ್ತೀನಿ, ಬಾಯಿ ಮುಚ್ಚು.”

ಅವನು ಅಜ್ಜಿಗೆ ಹೇಳಿದ ಆ ನಾಲ್ಕು ಮಾತನ್ನೇ ಚೂರು ನೇರ್ಪು ಮಾಡಿ, ಹೊಗಳಿಕೆ ಸೋಕದಂತೆ ನೋಡಿಕೊಂಡು, ನನ್ನ ಹೆಸರೂ ಹಾಕಬೇಡ ಎಂದು ಷರಾ ಬರೆದು ಕಳಿಸಿದೆ. ನೂರು ಪದ ಕೇಳಿದ್ದವನಿಗೆ ಮೂವತ್ತು ಚಿಲ್ಲರೆ. ಎರಡು ದಿನ ಬಿಟ್ಟು ಮತ್ತೆ ಫೋನು ಬಂತು. ಸಂಕೋಚದ ದನಿ.

“ಬಹಳ ಚೆನ್ನಾಗಿದೆ ಸಾರ್. ನಮ್ಮ ಪ್ರಕಾಶಕರಿಗೂ ಇಷ್ಟ ಆಯ್ತು. ಆದ್ರೆ ಹಿಂದಗಡೆ ಜಾಗ ಬಹಳ ಖಾಲಿ ಕಾಣುತ್ತಂತೆ. ನನ್ನ ಫೋಟೋ ಸ್ವಲ್ಪ ದೊಡ್ಡದು ಮಾಡಿದಾರೆ. ಇನ್ನೂ ಮೂರು ಸಾಲಿಗೆ ಜಾಗ ಇದೆ.”

“ಅದಕ್ಕೆ?”

“ಅವರೇ ಒಂದು ಮಾತು ಸೇರಿಸಿದಾರೆ ಸಾರ್, ನಿಮ್ಮ ಹೆಸರಲ್ಲಿ.”

“ಏನಂತ?”

ಆ ಕಡೆ ಅವನು ಕೆಮ್ಮಿದ. ಕಾಗದ ಮಗುಚಿದ ಸದ್ದಾಯಿತು.

“‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುವ ಮಹತ್ವದ ಸೇರ್ಪಡೆ’ ಅಂತ. ಪೋಸ್ಟ್‌ಮ್ಯಾನ್‌ದು ಅದರ ಕೆಳಗಡೆ ಬರುತ್ತೆ ಸಾರ್, ಸ್ವಲ್ಪ ಸಣ್ಣ ಅಕ್ಷರದಲ್ಲಿ.”